ಐದು ಮನೆಯ ಬಟ್ಟೆ

ಜೋಳಿಗೆಯಿಂದ ಒಂದು ಕಾಲು ಹೊರಗೆ ಬಂತು, ಕಾಲಲ್ಲ, ಚಡ್ಡಿ ಬಂತು, ಕಾಲು ಅದರೊಳಗೆ ಎಲ್ಲೋ ಇರಬೇಕು, ಹಳದಿ ಚಡ್ಡಿ, ಮೊಣಕಾಲಿನ ಹತ್ತಿರ ಲಾರಿಯ ಚಿತ್ರ, ಎರಡು ವರ್ಷದ ಯಾವನೋ ಗಂಡುಹುಡುಗ ಹಾಕಿ ಕುಣಿದು ಬಿಟ್ಟದ್ದು, ಅದರಲ್ಲಿ ನನ್ನ ಹನ್ನೊಂದು ತಿಂಗಳ ಮಗಳು ಈಜುತ್ತಾಳೆ — ಒದಿ, ಒದಿ ನನ್ನವ್ವಾ, ನಿದ್ದೆಯಲ್ಲೂ ಒದಿ, ನೀನು ಒದ್ದಷ್ಟೂ ನನ್ನ ಎದೆ ತಣ್ಣಗಿರುತ್ತದೆ. ಕಿಟಕಿಯ ಸರಳಿಗೊಂದು ತುದಿ, ಪುಸ್ತಕದ ಕಪಾಟಿಗೊಂದು ತುದಿ ಕಟ್ಟಿದ ಹಳೇ ಸೀರೆಯ ಜೋಳಿಗೆ, ಇವಳು ಹೊರಳಿದರೆ ಕಪಾಟು ಕಿರುಗುಟ್ಟುತ್ತದೆ, ಕಪಾಟು ಕಿರುಗುಟ್ಟಿದರೆ ಪೇಪರ್ ಓದುವ ಹಿರಿಯರು ಪೇಪರಿನ ಮೇಲಿಂದ ಒಮ್ಮೆ ನೋಡಿ ಮತ್ತೆ ಒಳಗೆ ಹೋಗುತ್ತಾರೆ, ಗ್ರಂಥಾಲಯ ಮೇಲ್ವಿಚಾರಕಿ ರೇಣುಕಾ ಎಂದು ಗೋಡೆಗೆ ಬರೆಸಿದ ಹೆಸರಿನ ಕೆಳಗೇ ಮೇಲ್ವಿಚಾರಕಿಯ ಮಗಳ ತೊಟ್ಟಿಲು, ಪಂಚಾಯ್ತಿಯವರು ಏನೂ ಅನ್ನುವುದಿಲ್ಲ, ಅಂದರೆ ನಾನೂ ಸುಮ್ಮನಿರುವವಳಲ್ಲ. ಚಾಪೆಯ ಮೇಲೆ ನಾಲ್ಕು ಜನ ತಾಯಂದಿರು, ಒಬ್ಬ ತಂದೆ, ಮಧ್ಯಾಹ್ನದ ಸಂತೆ ಶುರುವಾಗಿದೆ, ಕಿರಾಣಿ ಅಂಗಡಿಯ ಅಮೃತಾ ಕೈ ಬೀಸಿ ಹೇಳುತ್ತಾಳೆ, ಗಂಗಾವತ್ಯಾಗ ಬಸ್‌ಸ್ಟ್ಯಾಂಡ್ ಹಿಂದ ಗಾಡಿ ಮ್ಯಾಲ ಕೂಸಿನ ಅರಿವಿ ಮಾರ್ತಾರ ನೋಡ್ರಿ, ಭಾಳ ಸಸ್ತಾ, ಒಂದ ಸಲ ತೊಳದ್ರ ಬಣ್ಣ ಹೋಗತೈತಿ ಖರೆ, ಆದ್ರ ಅಷ್ಟೊತ್ತಿಗೆ ಕೂಸು ಬೆಳದಿರತೈತಿ, ಬಣ್ಣ ಇಟಗೊಂಡು ಏನ್ಮಾಡೂದೈತಿ. ಕುಷ್ಟಗಿ ಸಂತ್ಯಾಗ ಇನ್ನಾ ಛಲೋ ಸಿಗತಾವ, ಗುಂಡಿ ಇರೂದು ತಗೋಬ್ಯಾಡ್ರಿ, ನುಂಗತಾವ, ಕಟ್ಟೂ ಕಸಿ ಇರೂದು ತಗೋರಿ, ಇದು ಇನ್ನೊಬ್ಬಳು. ಗುರುಬಸವನಿಗೆ ಬಟ್ಟೆಯ ಚಿಂತೆ ಇಲ್ಲ, ಹಿಟ್ಟಿನ ಗಿರಣಿ ಇಟ್ಟವನು, ರೆಪ್ಪೆಯವರೆಗೂ ಜೋಳದ ಹಿಟ್ಟು, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಮೇಡಮ್ಮಾರ, ನಮ್ಮ ಹುಡುಗಿಗೆ ಎಂಥಾ ಪುಸ್ತಕ ಕೊಡ್ಲಿರಿ, ಕೊಟ್ಟದ್ದೆಲ್ಲಾ ತಿಂತಾಳ. ತಿನ್ಲಿ ಬಿಡ್ರಿ ಅಣ್ಣಾರ, ಹೆಂಗರ ಮಾಡಿ ವಿದ್ಯಾ ಒಳಗ ಹೋಗಬೇಕಲ್ಲ, ಎಂದು ಅಮೃತಾ, ಎಲ್ಲರೂ ನಗುತ್ತಾರೆ, ನಾನೂ ನಕ್ಕು ದಪ್ಪ ರಟ್ಟಿನ ಪುಸ್ತಕ ಒಂದನ್ನು ಇಳಿಸಿ ಕೊಡುತ್ತೇನೆ, ಹಾಳಿಗೊಂದು ಚಿತ್ರ, ಆಕಳು, ಕೊಡ, ಕೋಳಿ, ನೀವು ಓದಬ್ಯಾಡ್ರಿ, ಬರೇ ತೋರಸ್ರಿ, ಆಕಿನ ಹಾಳಿ ತಿರುವಲಿ, ದಿನಾ ಇದನ್ನ ಕೇಳಿದ್ರ ದಿನಾ ಇದನ್ನ ಹೇಳ್ರಿ, ಬ್ಯಾಸರ ನಿಮಗಾಗತೈತಿ, ಕೂಸಿಗೆ ಆಗೂದಿಲ್ಲ. ಹೂಂ ಎಂದು ತಲೆ ಆಡಿಸಿ ಅವನು ಚೀಲದಿಂದ ಒಂದು ಸಣ್ಣ ಅಂಗಿ ತೆಗೆದು ನನ್ನ ಮೇಜಿನ ಪಕ್ಕದ ಪೆಟ್ಟಿಗೆಗೆ ಹಾಕುತ್ತಾನೆ, ಪೆಟ್ಟಿಗೆಯ ಮೇಲೆ ನನ್ನದೇ ದುಂಡು ಅಕ್ಷರ: ಕೂಸಿನ ಬಟ್ಟೆ ತನ್ನಿ, ಪುಸ್ತಕ ಒಯ್ಯಿರಿ.

ಈ ಪೆಟ್ಟಿಗೆಯ ಪ್ರತಾಪ ಈಗ ಕೊಪ್ಪಳದವರೆಗೂ ಹೋಗಿದೆ, ಸಾಹೇಬರೊಬ್ಬರು ಬಂದು ಫೋಟೋ ತೆಗೆಸಿಕೊಂಡು ಹೋದರು, ಇಂಥಾ ಐಡಿಯಾ ನಿಮಗೆ ಹ್ಯಾಗೆ ಬಂತು ಎಂದು ಕೇಳಿದರು, ಮಕ್ಕಳ ಚಿತ್ರದ ಪುಸ್ತಕ ಹರಿಯುತ್ತವೆಂದು ಮನೆಗೆ ಕೊಡುತ್ತಿರಲಿಲ್ಲ ಸಾರ್, ಬೆಳೆದ ಮಕ್ಕಳ ಬಟ್ಟೆ ಮನೆಯಲ್ಲಿ ಸುಮ್ಮನೆ ಬಿದ್ದಿರುತ್ತವೆ ಸಾರ್, ಎರಡನ್ನೂ ಕೂಡಿಸಿದೆ ಸಾರ್, ಎಂದೆ, ಒಂದು ಬಟ್ಟೆ ತಂದವರಿಗೆ ಒಂದು ಪುಸ್ತಕ ಒಂದು ವಾರ, ಬಂದ ಬಟ್ಟೆ ಯಾರಿಗೆ ಬೇಕೋ ಅವರಿಗೆ, ಜಾಣೆ ಎಂದರು. ಜಾಣೆಯೇ ನಾನು, ಆದರೆ ಯಾವುದಕ್ಕೆ ಜಾಣೆಯಾದೆ ಎಂದು ಅವರಿಗೆ ಹೇಳಲಿಲ್ಲ. ಮೊದಲ ಕೂಸು ಗಂಡು, ಹುಟ್ಟುವ ಮೊದಲೇ ನಾನು ಮತ್ತು ಹುಲಿಗೇಶ ಗಂಗಾವತಿಗೆ ಹೋಗಿ ಐದು ಬಣ್ಣದ ಅಂಗಿ ತಂದಿದ್ದೆವು, ಹುಲಿಗೇಶ ಲೈನ್‌ಮನ್, ಕಂಬ ಹತ್ತುವ ಗಂಡಸು, ಆವತ್ತು ಅಂಗಡಿಯಲ್ಲಿ ಅಂಗೈಯಗಲದ ಕಾಲುಚೀಲವನ್ನು ಬೆರಳಿಗೆ ಹಾಕಿಕೊಂಡು ಕುಣಿಸಿದ್ದ — ಹನ್ನೊಂದು ದಿನ ಇತ್ತು ಕೂಸು. ಹನ್ನೊಂದೇ ದಿನ. ಯಾರದೂ ತಪ್ಪಲ್ಲ ಎಂದರು ಡಾಕ್ಟರು, ಹೌದು, ಯಾರದೂ ಅಲ್ಲ, ಅತ್ತೆ ಕೂಡ ಒಂದು ಮಾತು ಅನ್ನಲಿಲ್ಲ, ಹುಟ್ಟುವ ಮೊದಲೇ ಯಾಕೆ ತಂದಿರಿ ಎಂದು ಬೇರೆ ಯಾರಾದರೂ ಅತ್ತೆಯಾಗಿದ್ದರೆ ಅಂದೇ ಅನ್ನುತ್ತಿದ್ದರು, ನನ್ನ ಅತ್ತೆ ಕಸ್ತೂರೆಮ್ಮ ನನ್ನ ಬೆನ್ನಿಗೆ ಎಣ್ಣೆ ಹಚ್ಚಿದಳು, ಬಿಸಿನೀರು ಹಾಕಿದಳು, ನಾನು ಅತ್ತಾಗ ಅತ್ತಳು, ಅಷ್ಟೇ. ಇವಳು ಹೊಟ್ಟೆಯಲ್ಲಿದ್ದಾಗ ಮಾತ್ರ ನವಲಿಯಿಂದ ಬಂದವಳು ನನ್ನನ್ನು ಕರೆದುಕೊಂಡು ಊರ ಹೊರಗಿನ ದರ್ಗಾಕ್ಕೆ ಹೋಗಿ, ಸಕ್ಕರೆ ಓದಿಸಿ, ಅಲ್ಲಿಯೇ ಹರಕೆ ಹೊತ್ತಳು — ಹುಟ್ಟಿದ ಕೂಸು ನಿಂದಪಾ, ನಮ್ದಲ್ಲ, ಫಕೀರನ ಕೂಸು, ಹೆಣ್ಣಾದ್ರ ಫಕೀರಮ್ಮಂತ ಕರಿತೀವಿ, ಕೂದಲ ತಗದು ಜವಳ ಆಗೂಮಟ ಹೊಸಾ ಅರಿವಿ ಮೈಗೆ ಹಾಕೂದಿಲ್ಲ, ಹಡದಾಕಿನ ಸೆರಗೊಡ್ಡಿ ಐದು ಮನಿ ಬೇಡಿ ತಂದು ಹಾಕತಾಳ. ಹಡೆದವಳು ಎಂದರೆ ನಾನು. ಬೇಡಿ ತಂದ ಬಟ್ಟೆಯ ಕೂಸನ್ನು ನೋಡಿ ಬರುವ ಪೀಡೆ, ಇದು ಯಾರದೋ ಭಿಕ್ಷೆಯ ಕೂಸು ಎಂದು ಮುಂದಿನ ಮನೆಗೆ ಹೋಗುತ್ತದಂತೆ, ಪೀಡೆಗೆ ಕಣ್ಣಿವೆ ಬುದ್ಧಿ ಇಲ್ಲ ಎಂದಾಯಿತು, ಹೀಗೆಲ್ಲ ಅಂದು ಹುಲಿಗೇಶನ ಮುಂದೆ ನಕ್ಕೆ, ಅವನೂ ನಕ್ಕ, ಆದರೆ ಇವಳು ಹುಟ್ಟಿದ ದಿನ ನಾವಿಬ್ಬರೂ ನಗಲಿಲ್ಲ, ಜನನ ಪತ್ರದಲ್ಲಿ ಚಿನ್ಮಯಿ ಎಂದು ಬರೆಸಿ ಬಂದು ಜೋಳಿಗೆಯ ಮುಂದೆ ಬಾಗಿ, ಫಕೀರವ್ವಾ, ಏ ಫಕೀರಿ, ಎಂದೇ ಕರೆದ ಅವಳಪ್ಪ. ನಂಬುತ್ತೀಯಾ ಎಂದರೆ ಇಲ್ಲ, ಬಿಡುತ್ತೀಯಾ ಎಂದರೆ ಅದೂ ಇಲ್ಲ, ಹೀಗೆ ನಾನು.

ಬೇಡುವುದು ಮಾತ್ರ ಆಗಲಿಲ್ಲ. ಕಾರಟಗಿಯ ಅಕ್ಕಿ ಗಿರಣಿಯಲ್ಲಿ ತೂಕದ ಕಾಟಾ ಹಿಡಿದ ಕೊಟ್ರಪ್ಪನ ಮಗಳು ನಾನು, ಅಪ್ಪ ಒಂದು ಚಿಟಿಕೆ ಉಪ್ಪು ಪಕ್ಕದ ಮನೆಯಿಂದ ತರಿಸಿದವನಲ್ಲ, ಕೈ ಮ್ಯಾಲಿರಬೇಕವ್ವಾ, ಕೆಳಗ ಹೋಗಬಾರದು, ತಗೊಂಡ್ರ ಅದರಷ್ಟ ತೂಕದ್ದು ತಿರುಗಿ ಕೊಡಬೇಕು, ಇದು ಅವನ ವೇದ, ಪಕ್ಕದವರು ಒಂದು ಬಟ್ಟಲು ಪಾಯಸ ಕೊಟ್ಟರೆ ಆ ಬಟ್ಟಲನ್ನು ಖಾಲಿ ಕಳಿಸುತ್ತಿರಲಿಲ್ಲ, ಸಕ್ಕರೆಯಾದರೂ ಹಾಕಿ ಕಳಿಸುತ್ತಿದ್ದ, ಹಾಗೆ ಬೆಳೆದವಳಿಗೆ ಸೆರಗು ಒಡ್ಡು ಎಂದರೆ ಹ್ಯಾಗೆ? ಇವಳಿಗೆ ಇಪ್ಪತ್ತು ದಿನವಿದ್ದಾಗ ಒಂದು ಮುಂಜಾನೆ ಹೊರಟೆ, ಹೊರಟದ್ದು ನಿಜ, ಮೂರನೇ ಮನೆಯ ಬಾಗಿಲಲ್ಲಿ ನಿಂತೆ, ಸೆರಗಿನ ತುದಿ ಎರಡೂ ಕೈಯಲ್ಲಿ ಹಿಡಿದೆ, ಒಳಗಿನಿಂದ ಯಾರ್ರೀ ಎಂದರು, ಸೆರಗು ತಾನಾಗಿಯೇ ಹೆಗಲೇರಿತು, ಏನಿಲ್ರಿ, ಮನಿಗಣತಿ ಕಾಗದ ಬಂದೈತೇನ್ರಿ ಅಂತ ಕೇಳಾಕ ಬಂದಿದ್ದೆ, ಎಂದುಬಿಟ್ಟೆ, ಯಾವ ಮನೆಗಣತಿ, ಯಾವ ಕಾಗದ, ದೇವರೇ ಬಲ್ಲ. ಮನೆಗೆ ಬಂದು ಇವಳನ್ನು ನನ್ನ ಹಳೇ ರವಿಕೆಯಲ್ಲಿ ಸುತ್ತಿ ಮಲಗಿಸಿದೆ. ಮರುದಿನವೇ ಹೊಳೆದದ್ದು ಈ ಪೆಟ್ಟಿಗೆ — ಹಳೇ ಬಟ್ಟೆ ಹಳೇ ಬಟ್ಟೆಯೇ, ಬೇರೆ ಮನೆಯದು ಬೇರೆ ಮನೆಯದೇ, ಮಕ್ಕಳು ಚೆನ್ನಾಗಿ ಬದುಕಿದ ಮನೆಗಳದ್ದೇ, ಬರೀ ನನ್ನ ಕೈ ಕೆಳಗಾಗಲಿಲ್ಲ, ಅಷ್ಟೇ ತಾನೇ. ಅವರ ಅಂಗಿ, ನನ್ನ ಪುಸ್ತಕ. ಅತ್ತೆ ಮೂರು ಬಸ್ಸು ಬದಲಿಸಿ ಬಂದಾಗಲೆಲ್ಲ ಇವಳ ಮೈಮೇಲಿನ ಬಟ್ಟೆ ಮುಟ್ಟಿ ನೋಡುತ್ತಾಳೆ, ಇದ್ಯಾರ ಮನೀದು ಎನ್ನುತ್ತಾಳೆ, ಅಮೃತಾರ ಮನೀದ್ರಿ, ಗುರುಬಸವರ ಮನೀದ್ರಿ, ಎನ್ನುತ್ತೇನೆ, ನನ್ನವ್ವ, ನನ್ನ ಸಲುವಾಗಿ ಇಷ್ಟು ಮನಿ ತಿರುಗಿದೆಲ್ಲ, ಎಂದು ನನ್ನ ಗದ್ದ ಹಿಡಿದು ಕಣ್ಣೊರೆಸಿಕೊಳ್ಳುತ್ತಾಳೆ, ನಾನು ಒಲೆಯ ಕಡೆ ತಿರುಗುತ್ತೇನೆ. ಹನ್ನೊಂದು ತಿಂಗಳು ತಿರುಗಿದ್ದೇನೆ ಒಲೆಯ ಕಡೆ.

ಫೋನು ಕುಣಿಯುತ್ತಿದೆ ಮೇಜಿನ ಮೇಲೆ, ಅತ್ತೆಯೇ, ನೂರು ವರ್ಷ ಆಯಸ್ಸು, ಹಲೋ ಎನ್ನುವ ಮೊದಲೇ, ಏನ್ಮಾಡಾಕತ್ಯಾಳ ನನ್ನ ಫಕೀರಿ, ಮಲಗ್ಯಾಳ್ರಿ ಅತ್ತಿ, ಒದೀತಾಳೇನು, ಭಾಳ ಒದೀತಾಳ್ರಿ, ಒದೀಲಿ, ಅವರಪ್ಪಗೂ ಒದೀಲಿ, ಎಂದು ನಕ್ಕು, ಆಮೇಲೆ ದನಿ ತಗ್ಗಿಸಿ ಹೇಳುತ್ತಾಳೆ, ನಾಳಿ ಜವಳ, ಕ್ಷೌರದ ದುರಗಪ್ಪಗ ಹೇಳೀರಿಲ್ಲ, ಹೇಳೀವ್ರಿ, ಹೊಸಾ ಅಂಗಿ ನಾನ ತರತೀನಿ, ಹಸರ ಖಣದ್ದು, ತಲಿಗೆ ಕುಲಾವಿನೂ ಹೊಲಿಸೀನಿ, ಕೂದಲ ತಗಸಿ ಎರಕೊಂಡು ಹೊಸದು ಹಾಕಿ, ಮದಲ ಆ ಐದು ಮನಿಗೆ ಹೋಗೂದು, ಐದೂ ಹೊಸ್ತಲಕ್ಕ ಕೂಸಿನ ಹಣಿ ಮುಟ್ಟಿಸಿ ನಾನ ಕೈ ಮುಗದು ಬರತೀನಿ, ನೀ ಬೇಡಿದಾಗ ಯಾರ್ಯಾರು ಏನೇನು ಅಂದು ಹಾಕಿದ್ರು ಅಂತ ಅವರ ಬಾಯಿಂದ ಕೇಳಬೇಕು ನಾ. ಅವರ ಬಾಯಿಂದ. ಹೂಂ ಅತ್ತಿ, ಎಂದೆ, ನನ್ನ ದನಿ ನನಗೇ ಬೇರೆಯವರದ್ದು ಅನ್ನಿಸಿತು. ಯಾರಿಗೂ ಏನೂ ಬದಲಿ ಕೊಟ್ಟಿಲ್ಲ ಹೌದಲ್ಲ, ಎಂದಳು ಅತ್ತೆ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಪೆಟ್ಟಿಗೆಯ ಕಡೆ ನೋಡಿದೆ, ಯಾಕ್ರಿ ಅತ್ತಿ. ಯಾಕಂದ್ರ, ನಮ್ಮ ಓಣ್ಯಾಗ ಒಬ್ಬಾಕಿ ಬೇಡಿ ತಂದು ಮರುದಿನ ಅವರಿಗೆ ಸೇರು ಅಕ್ಕಿ ಕೊಟ್ಟು ಬಂದ್ಲಂತ, ದೊಡ್ಡಾಕಿ, ಬದಲಿ ಕೊಟ್ರ ಅದು ಸಂತಿ ಆತಲ್ಲ, ಭಿಕ್ಷಾ ಹೆಂಗಾತು, ಐದರಾಗ ಒಂದರ ಖರೇ ಬೇಡಿದ್ದಿರಬೇಕವ್ವಾ, ಆ ಒಂದ ಕೂಸಿನ್ನ ಕಾಯೂದು, ಅಂದು ಆಮೇಲೆ, ನಿನಗ ಭಾಳ ತ್ರಾಸ ಆಗಿರತೈತಿ ರೇಣುಕಾ, ನೀ ಕೈ ಚಾಚೂ ಪೈಕಿ ಅಲ್ಲ, ನನಗ್ಗೊತ್ತೈತಿ, ಅದಕ್ಕ ನಿನ್ನ ಹೊಟ್ಟಿಗೆ ಎಷ್ಟ ಕೈ ಮುಗದ್ರೂ ಕಡಿಮಿ, ಎಂದಳು. ಬೈದಿದ್ದರೆ ತಡೆಯಬಹುದಿತ್ತು. ಫೋನು ಇಟ್ಟ ಮೇಲೆ ಅಮೃತಾ, ಅತ್ತಿಯವರೇನ್ರಿ, ಮಾರಿ ಯಾಕ ಹಂಗ ಮಾಡೀರಿ, ಬೈದ್ರೇನು, ಇಲ್ರಿ, ಹೊಗಳಿದ್ರು, ಎಂದೆ, ಮತ್ತೆ ಎಲ್ಲರೂ ನಕ್ಕರು.

ಹೋದರು ಎಲ್ಲರೂ, ನಾಲ್ಕೂವರೆ, ಚಾಪೆ ಸುತ್ತಿಟ್ಟೆ, ಐದು ಹೆಸರು ಹೇಳುವುದೇನು ಕಷ್ಟ, ಅಮೃತಾ, ಗುರುಬಸವ, ಇನ್ನು ಮೂರು, ನಾಳೆ ಅತ್ತೆ ಹೊಸ್ತಿಲಿಗೆ ಹಣೆ ಮುಟ್ಟಿಸಿ ಕೈ ಮುಗಿಯುತ್ತಾಳೆ, ಅಮೃತಾ ಸಂಭ್ರಮದಿಂದ ಹೇಳುತ್ತಾಳೆ, ಅಯ್ಯ ಬಿಡ್ರಿ ದೊಡ್ಡವ್ವಾರ, ಒಂದ ಫ್ರಾಕ್ ಕೊಟ್ಟು ನಾಕ ಪುಸ್ತಕ ಒಯ್ದೀನಿ, ಲಾಭ ನಂದ ಐತಿ — ಅತ್ತೆ ನನ್ನ ಕಡೆ ತಿರುಗುತ್ತಾಳೆ, ಬೈಯುವುದಿಲ್ಲ, ಅವಳಿಗೆ ಬೈಯುವುದು ಬರುವುದಿಲ್ಲ, ಬರೀ ಕೂಸನ್ನು ಎದೆಗೆ ಅವುಚಿಕೊಂಡು ನಡುಗುತ್ತಾಳೆ, ಹನ್ನೊಂದು ತಿಂಗಳು ಯಾವ ಕಾವಲೂ ಇಲ್ಲದೆ ಇತ್ತೇ ಕೂಸು ಎಂದು. ಆ ನಡುಕವನ್ನು ನಾನು ನೋಡಿದ್ದೇನೆ ಒಂದು ಸಲ, ಆಸ್ಪತ್ರೆಯ ಬೆಂಚಿನ ಮೇಲೆ, ಹನ್ನೊಂದನೆಯ ದಿನ, ಇನ್ನೊಮ್ಮೆ ನೋಡಲಾರೆ. ಈಗಲೂ ಹೊತ್ತಿದೆ, ಸೂರ್ಯ ಮುಳುಗಲು ಎರಡು ತಾಸು, ಒಂದೇ ಒಂದು, ಒಂದೇ ಸಾಕು ಎಂದಿದ್ದಾಳಲ್ಲ. ಬಾಗಿಲಿಗೆ ಕೀಲಿ ಹಾಕಿ, ಇವಳನ್ನು ಟೊಂಕದ ಮೇಲೆ ಎತ್ತಿಕೊಂಡು, ಚೀಲ ಹೆಗಲಿಗೆ, ಚೀಲದಲ್ಲಿ ಅಂಟು ಹಚ್ಚಿ ರಿಪೇರಿ ಮಾಡಬೇಕಾದ ಎರಡು ಪುಸ್ತಕ, ನಡೆದೆ ಅಮೃತಾಳ ಮನೆಗೆ, ಹತ್ತಿರದವಳು, ಅವಳ ಮುಂದೆ ನಾಚಿಕೆ ಕಡಿಮೆ ಎಂದು. ಬರ್ರಿ ಬರ್ರಿ ಎಂದಳು, ಅಮೃತಾ, ನಿಮ್ಮ ಹುಡುಗರದು ಹಳೇದು ಒಂದು ಬಟ್ಟಿ ಇದ್ರ, ಎಂದು ಬಾಯಿ ತೆಗೆದೆ, ಸೆರಗಿಗೆ ಕೈ ಹೋಗುವಷ್ಟರಲ್ಲಿ ಅವಳು ಒಳಗೆ ಓಡಿ ಎರಡು ಅಂಗಿ ತಂದು ನನ್ನ ಹೆಗಲ ಮೇಲೇ ಹೊದಿಸಿ, ಛಲೋ ಆತು ನೀವ ಬಂದ್ರಿ, ನಾಳಿ ಆ ಹುಲಿ ಪುಸ್ತಕ ನನಗ ತಗದಿಡ್ರಿ ಮತ್ತ, ಎರಡು ಕೊಟ್ಟೀನಿ, ಎರಡು ವಾರ ಇಟಗೋತೀನಿ. ಆಯಿತು ಎಂದೆ. ಅವಳದೇನೂ ತಪ್ಪಿಲ್ಲ, ನಾನೇ ಕಲಿಸಿದ ಪಾಠ, ಇಡೀ ಊರಿಗೆ ಕಲಿಸಿದ್ದೇನೆ, ಒಂದು ಕೊಟ್ಟು ಒಂದು ತಗೋ ಎಂದು, ಗುರುಬಸವನ ಮನೆಯಲ್ಲೂ ಹೀಗೇ, ಆಚೆ ಓಣಿಯಲ್ಲೂ ಹೀಗೇ, ಮಕ್ಕಳಿರುವ ಯಾವ ಮನೆಯ ಬಾಗಿಲಿಗೆ ಹೋದರೂ ನನ್ನ ಸೆರಗು ಕಾಣುವ ಮೊದಲು ನನ್ನ ಕಪಾಟು ಕಾಣುತ್ತದೆ ಅವರಿಗೆ. ಭಿಕ್ಷೆ ಬೇಡುವುದಕ್ಕೂ ಯೋಗ್ಯತೆ ಬೇಕಲ್ಲಪ್ಪಾ, ಅದನ್ನೂ ಕಳಕೊಂಡು ಕೂತಿದ್ದೇನೆ.

ಇಲ್ಲ, ಒಂದು ಮನೆ ಇದೆ. ಇದೆ ಎಂದು ಮುಂಚಿನಿಂದ ಗೊತ್ತಿದೆ, ಅದನ್ನು ಬಿಟ್ಟು ಉಳಿದ ಮನೆಗಳನ್ನು ಎಣಿಸುತ್ತಿದ್ದೇನೆ, ಕಾಲುಗಳೂ ಆ ಓಣಿ ಬಿಟ್ಟು ಬೇರೆ ಓಣಿಗೆ ತಿರುಗುತ್ತಿವೆ, ಮುಳ್ಳು ಕಂಡು ಪಕ್ಕಕ್ಕೆ ಹಾರುವ ಮಕ್ಕಳ ಹಾಗೆ. ಇಮಾಮಬೀ. ಕೆರೆಯ ಕಡೆಯ ಕೊನೆಯ ಮನೆ, ಐದು ಮಕ್ಕಳು, ಐದೂ ಕಲ್ಲಿನ ಹಾಗೆ ಗಟ್ಟಿ, ಒಂದಕ್ಕೂ ಒಂದು ಶೀತ ಬಂದದ್ದು ಕೇಳಿಲ್ಲ, ಅತ್ತೆ ಕೇಳಿದ್ದರೆ ಮೊದಲು ಈ ಮನೆಗೇ ಕಳಿಸುತ್ತಿದ್ದಳು, ಹೋದ ತಿಂಗಳು ಬಂದಿದ್ದಳು ಇಮಾಮಬೀ ಗ್ರಂಥಾಲಯಕ್ಕೆ, ಮೆಣಸಿನಕಾಯಿ ಬಿಡಿಸಿದ ಕೂಲಿಯ ಕೈ, ಉರಿಯುತ್ತದೆಂದು ದೂರ ಹಿಡಿದುಕೊಂಡೇ ನಿಂತಿದ್ದಳು, ಜೊತೆಗೆ ಮಗಳು ಜಾಸ್ಮೀನ, ಎರಡನೇ ಇಯತ್ತೆ. ಮೇಡಮ್ಮಾರ, ಅರಿವಿ ಕೊಟ್ರ ಪುಸ್ತಕ ಕೊಡತೀರಂತಲ್ಲ, ಈಕಿ ಒಂದ ಸವನ ಗಂಟ ಬಿದ್ದಾಳ್ರಿ, ಎಂದು ಸೆರಗಿನೊಳಗಿಂದ ಒಂದು ಫ್ರಾಕು ತೆಗೆದಳು, ಒಗೆದು ಮಡಚಿದ್ದು, ಬಣ್ಣ ಹೋದದ್ದು, ಬೆನ್ನಿಗೆ ಯಾರದೋ ಶರ್ಟಿನ ತುಂಡಿನ ತೇಪೆ. ನಾನು ಅದನ್ನು ಎರಡು ಬೆರಳಲ್ಲಿ ಹಿಡಿದೆ. ಎರಡೇ ಬೆರಳು, ಈಗ ಆ ಬೆರಳುಗಳನ್ನು ನೋಡಿಕೊಳ್ಳಲು ಆಗುವುದಿಲ್ಲ. ಇದು ನಡಿಯಂಗಿಲ್ರಿ, ಹರದೈತಿ, ಗ್ವಾಡಿ ಮ್ಯಾಲ ಬರದೀವಿ ನೋಡ್ರಿ, ಹರಿದ, ಕಲೆಯಾದ ಬಟ್ಟೆ ತೆಗೆದುಕೊಳ್ಳುವುದಿಲ್ಲ ಅಂತ. ಓದಾಕ ಬರೂದಿಲ್ರಿ ನಮಗ, ಎಂದಳು ಇಮಾಮಬೀ, ಸಿಟ್ಟಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ಫ್ರಾಕು ಮತ್ತೆ ಸೆರಗಿನೊಳಗೆ ಹೋಯಿತು, ಜಾಸ್ಮೀನ ಮಾತ್ರ ಗೋಡೆಯನ್ನು ಓದಿದಳು, ಅವಳಿಗೆ ಬರುತ್ತದಲ್ಲ, ಒಂದೊಂದೇ ಅಕ್ಷರ ಕೂಡಿಸಿ ತುಟಿ ಅಲ್ಲಾಡಿಸಿ ಪೂರಾ ಓದಿ, ಆಮೇಲೆ ಕಪಾಟಿನ ಕಡೆ ಒಮ್ಮೆ ನೋಡಿ, ತಾಯಿಯ ಹಿಂದೆ ಹೋದಳು. ನಾನು ಬರೆದ ಅಕ್ಷರಗಳಲ್ಲಿ ಆ ಮಗು ಓದಿದ್ದು ಅದೊಂದನ್ನೇ. ಅಲ್ಲಿಯೇ ಕೂತು ಓದವ್ವಾ ಎಂದು ಒಂದು ಮಾತು ಅನ್ನಬಹುದಿತ್ತು, ಅನ್ನಲಿಲ್ಲ, ಅಮೃತಾಳ ಜೊತೆ ಕಸಿ ಒಳ್ಳೆಯದೋ ಗುಂಡಿ ಒಳ್ಳೆಯದೋ ಮಾತಾಡುತ್ತಿದ್ದೆ. ಹೋಗಬೇಕು, ಫಕೀರವ್ವಾ, ಹೋಗೂಣು ನಡಿ, ಅವರು ಉಗುಳಿದರೂ ಸೆರಗಿನಲ್ಲಿ ಉಗುಳಿಸಿಕೊಂಡು ಬರೋಣ, ನಿನ್ನ ಸಲುವಾಗಿ, ಸುಳ್ಳು, ನನ್ನ ಸಲುವಾಗಿಯೂ.

ಕಟ್ಟೆ ಸಗಣಿ ಸಾರಿಸಿದ್ದು, ಒಂದು ಕಡೆ ಒಣಹಾಕಿದ ಮೆಣಸಿನಕಾಯಿ, ಘಾಟಿಗೆ ಇವಳು ಒಂದು ಸೀನು ಸೀನಿದಳು, ಒಳಗಿನಿಂದ ಇಮಾಮಬೀ ಹೊರಗೆ ಬಂದಳು, ನನ್ನನ್ನು ನೋಡಿ ಮುಖದ ಬಣ್ಣ ಹೋಯಿತು, ನಾನು ಬಾಯಿ ತೆಗೆಯುವ ಮೊದಲೇ, ಮೇಡಮ್ಮಾರ, ನಮ್ಮ ಹುಡುಗಿ ಏನೂ ಒಯ್ದಿಲ್ರಿ, ಆಕಿ ಹೊರಗ ಕಿಟಕ್ಯಾಗ ನಿಂತು ನೋಡತಿದ್ದಳಷ್ಟ, ಪುಸ್ತಕ ಮುಟ್ಟಿಲ್ರಿ, ಖುದಾನಾಣಿ. ಕಿಟಕಿಯಲ್ಲಿ ನಿಂತು. ಯಾವ ಕಿಟಕಿ, ಜೋಳಿಗೆ ಕಟ್ಟಿದ ಕಿಟಕಿಯೇ? ನನಗೆ ಕಾಣಲೇ ಇಲ್ಲವಲ್ಲ, ಎಷ್ಟು ದಿನ ನಿಂತಿದ್ದಳೋ — ಇಲ್ರಿ, ಅದಕ್ಕಲ್ರಿ, ಎಂದೆ, ಇವಳನ್ನು ಟೊಂಕದಿಂದ ಇಳಿಸಿ ಕಟ್ಟೆಯ ಮೇಲೆ ಕೂರಿಸಿದೆ, ಚೀಲ ಜಾರಿತು, ಇವಳ ಪಕ್ಕಕ್ಕಿಟ್ಟೆ, ಸೆರಗು ಹೆಗಲಿನಿಂದ ತೆಗೆದೆ, ಎರಡೂ ಕೈಯಲ್ಲಿ ಎರಡು ತುದಿ, ಒಡ್ಡಿದೆ. ಏನು ಹೇಳಬೇಕೆಂದು ಅತ್ತೆ ಕಲಿಸಿದ್ದಳು, ಹೊರಡಲಿಲ್ಲ, ಕೊನೆಗೆ ಹೊರಟದ್ದು ಇಷ್ಟೇ, ಅವ್ವಾ, ನನ್ನ ಕೂಸಿಗೆ ನಿನ್ನ ಮಕ್ಕಳದೊಂದು ಅರಿವಿ ನೀಡು, ಮದಲಿಂದು ಉಳದಿಲ್ಲ, ಇದರ ಉಳೀಲಿ. ಹೇಳಿದ ಮೇಲೆ ಗೊತ್ತಾಯಿತು ನಾನು ಅಳುತ್ತಿದ್ದೇನೆ ಎಂದು. ಇಮಾಮಬೀ ಒಂದು ಗಳಿಗೆ ನನ್ನನ್ನು ನೋಡಿದಳು, ಇವಳನ್ನು ನೋಡಿದಳು, ಹರಕೀದೇನವ್ವಾ, ಎಂದಳು, ಮೇಡಮ್ಮಾರ ಹೋಗಿ ಅವ್ವ ಆದೆ, ನಮ್ಮ ಹಿರೇದು ಹಿಂಗ ಬೇಡಿ ಬದಕಿದ್ದು, ನಿಂದ್ರು, ಎಂದು ಒಳಗೆ ಹೋದಳು, ತಗಡಿನ ಟ್ರಂಕು ತೆರೆಯುವ ಸದ್ದು, ಬಂದಳು, ಒಂದು ಸಣ್ಣ ಬಿಳಿ ಜುಬ್ಬಾ, ಅತ್ತರಿನ ವಾಸನೆಯದ್ದು, ಐದೂ ಮಕ್ಕಳು ಒಬ್ಬರ ನಂತರ ಒಬ್ಬರು ಹಾಕಿ ಮೆತ್ತಗಾದದ್ದು, ಎತ್ತರದಿಂದ ಹಾಕಲಿಲ್ಲ, ಬಾಗಿ, ಎರಡೂ ಕೈಯಿಂದ ನನ್ನ ಸೆರಗಿನಲ್ಲಿ ಇಟ್ಟಳು, ನೂರು ವರ್ಸ ಬಾಳಲಿ ನಿನ್ನ ಕೂಸು. ಎಷ್ಟು ಹಗುರ, ಎಷ್ಟು ಭಾರ. ತಿರುಗಿ ಏನಾದರೂ ಕೊಡು, ಕೊಡು ಎಂದು ಅಪ್ಪ ಒಳಗಿನಿಂದ ತಿವಿಯುತ್ತಾನೆ, ಚೀಲದಲ್ಲಿ ಪುಸ್ತಕ ಇವೆ, ಕೊಡಬಾರದು, ಕೊಟ್ಟರೆ ಸಂತೆಯಾಯಿತು, ಇವತ್ತು ಸುಮ್ಮನೆ ತೆಗೆದುಕೋ ರೇಣುಕಾ, ಒಂದು ದಿನ ಖಾಲಿ ಬಟ್ಟಲು ಕಳಿಸು, ಸತ್ತುಹೋಗುವುದಿಲ್ಲ. ಕಟ್ಟೆಯ ಮೇಲೆ ಏನೋ ಅಲ್ಲಾಡಿತು, ಇವಳು ಚೀಲಕ್ಕೆ ಕೈ ಹಾಕಿ ಪುಸ್ತಕ ಹೊರಗೆಳೆದು ರಟ್ಟು ಚೀಪುತ್ತಿದ್ದಾಳೆ, ಮುಂದೆ ಜಾಸ್ಮೀನ ನಿಂತಿದ್ದಾಳೆ, ಯಾವಾಗ ಬಂದಳೋ, ಎಲ್ಲವನ್ನೂ ನೋಡಿದ್ದಾಳೆ, ಸೆರಗು, ಬೇಡಿದ್ದು, ಬಟ್ಟೆ ಬಿದ್ದದ್ದು, ಬದಲಿಗೆ ಯಾರೂ ಯಾರನ್ನೂ ಏನೂ ಕೇಳದೆ ಇದ್ದದ್ದು, ಗೋಡೆಯ ಮೇಲೆ ನಾನು ಬರೆದದ್ದಕ್ಕಿಂತ ಬೇರೆ ಕಾನೂನೊಂದು ಇದೆ ಎಂದು ಈಗಷ್ಟೇ ಓದಿಕೊಂಡವಳ ಹಾಗೆ ನನ್ನ ಮುಖ ನೋಡುತ್ತಾಳೆ, ಪುಸ್ತಕ ನೋಡುತ್ತಾಳೆ. ಮತ್ತೆ ಮೆಲ್ಲಗೆ, ನನ್ನ ಹಾಗೆಯೇ, ಕೈ ಹಿಡಿಯುವ ರೀತಿಯೂ ನನ್ನ ಹಾಗೆಯೇ, ತನ್ನ ಫ್ರಾಕಿನ ಅಂಚಿನ ಎರಡು ತುದಿ ಹಿಡಿದು ಎತ್ತಿ ನನ್ನ ಮುಂದೆ ಒಡ್ಡುತ್ತಾಳೆ, ಅವ್ವಾ, ನೀಡು, ಎನ್ನುತ್ತಾಳೆ, ನನ್ನ ಎರಡೂ ಕೈಯಲ್ಲಿ ಅವಳ ತಾಯಿ ಕೊಟ್ಟದ್ದು ತುಂಬಿದೆ, ಎದುರಿಗೆ ಆ ಫ್ರಾಕು, ಒಡ್ಡಿದ್ದು, ಮೊಣಕಾಲಿನ ಮೇಲೆ, ಖಾಲಿ, ಕೊಟ್ಟರೆ ಸಂತೆ, ಕೊಡದಿದ್ದರೆ ಮತ್ತೆ ಆ ಗೋಡೆ, ಒಡ್ಡಿಕೊಂಡೇ ಇದ್ದಾಳೆ —